ಹಿತ್ತಿಲ ಬಾಗಿಲು ತೆರೆದೇ ಇತ್ತು

ನಮ್ಮ ದೇವಸ್ಥಾನಗಳ ಪ್ರಾಕಾರದಲ್ಲಿ ಕೈಯಲ್ಲಿದ್ದ ಬಾಳೆಹಣ್ಣು ಕಸಿದು ಓಡುವ ಕೋತಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರ ಸಂಶೋಧನೆಗೂ ಆಧಾರವಾಗಿತ್ತು. ಅವರು ವರ್ಷಗಟ್ಟಲೆ ಬೆನ್ನುಹತ್ತಿದ ಪ್ರಶ್ನೆಗಳಲ್ಲಿ ಒಂದು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಪಿಟ್ಯುಟರಿ ಗ್ರಂಥಿಯಿಂದ ಹೊರಟ ಎಫ್‌ಎಸ್‌ಎಚ್ ಎಂಬ ಹಾರ್ಮೋನನ್ನು, ಅದು ವೃಷಣದಲ್ಲಿರುವ ತನ್ನ ರಿಸೆಪ್ಟರನ್ನು ಮುಟ್ಟುವ ಮೊದಲೇ ರಕ್ತದಲ್ಲೇ ಹಿಡಿದು ನಿಲ್ಲಿಸಿದರೆ, ಗಂಡಿಗೂ ಒಂದು ಗರ್ಭನಿರೋಧಕ ಲಸಿಕೆ ಸಿಕ್ಕೀತೆ?

ಈ ಪ್ರಶ್ನೆಯ ತೂಕ ತಿಳಿಯಲು ನಮ್ಮ ಮನೆಗಳನ್ನು ನೋಡಿದರೆ ಸಾಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ದಂಪತಿಗಳಲ್ಲಿ ಹೆಂಗಸು ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡವರು ಶೇ. 37.9, ಗಂಡಸು ಮಾಡಿಸಿಕೊಂಡವರು ಶೇ. 0.3. ‘ಆಪರೇಷನ್ ಆಯ್ತಾ?’ ಎಂದು ಊರಲ್ಲಿ ಯಾರಾದರೂ ಕೇಳಿದರೆ ಅದು ಯಾರಿಗೆ ಕೇಳಿದ್ದು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಮೌದ್ಗಲ್ ಅವರ ಕೆಲಸವನ್ನು ನಾನು ಮೊದಲು ಗೌರವದಿಂದ ಓದುತ್ತೇನೆ, ಆಮೇಲೆ ತಕರಾರು ತೆಗೆಯುತ್ತೇನೆ.

ಅವರ ಯೋಜನೆಯ ಚೆಲುವು ಅದರ ಸಂಯಮದಲ್ಲಿದೆ. ಪಿಟ್ಯುಟರಿ ವೃಷಣಕ್ಕೆ ಎರಡು ಸಂದೇಶ ಕಳುಹಿಸುತ್ತದೆ. ಎಲ್‌ಎಚ್ ಲೇಡಿಗ್ ಕೋಶಗಳ ಮೇಲೆ ಕುಳಿತು ಟೆಸ್ಟೊಸ್ಟಿರಾನ್ ತಯಾರಾಗುವಂತೆ ಮಾಡುತ್ತದೆ. ಎಫ್‌ಎಸ್‌ಎಚ್ ವೀರ್ಯಾಣುಗಳನ್ನು ಸಾಕಿ ಬೆಳೆಸುವ ಸರ್ಟೋಲಿ ಕೋಶಗಳನ್ನು ತಟ್ಟುತ್ತದೆ. ಎಲ್‌ಎಚ್ ಅನ್ನು ತಡೆದರೆ ಗಂಡಸಿನ ಕಾಮಾಸಕ್ತಿ, ಸ್ನಾಯುಬಲ ಎಲ್ಲವೂ ಕುಗ್ಗುತ್ತದೆ. ಅದನ್ನು ಮುಟ್ಟದೆ ಎಫ್‌ಎಸ್‌ಎಚ್ ಒಂದನ್ನೇ ತಡೆಯುವುದು ಮೌದ್ಗಲ್ ಅವರ ಲೆಕ್ಕ. ಅದಕ್ಕೆ ಕುರಿಯ ಎಫ್‌ಎಸ್‌ಎಚ್ ಚುಚ್ಚಿದರು. ಅದು ಕೋತಿಯದಕ್ಕೂ ಮನುಷ್ಯನದಕ್ಕೂ ಎಷ್ಟು ಹತ್ತಿರವೆಂದರೆ, ಅದರ ವಿರುದ್ಧ ಹುಟ್ಟಿದ ಪ್ರತಿಕಾಯಗಳು ದೇಹದ ಸ್ವಂತ ಹಾರ್ಮೋನನ್ನೂ ಹಿಡಿದುಬಿಡುತ್ತವೆ. ಕೋತಿಗಳಲ್ಲಿ ಟೆಸ್ಟೊಸ್ಟಿರಾನ್ ಹಾಗೇ ಉಳಿಯಿತು, ವೀರ್ಯಾಣುಗಳ ಸಂಖ್ಯೆ ಇಳಿಯಿತು. ಸೊನ್ನೆಯಾಗಲಿಲ್ಲ. ಆದರೂ ಆ ಗಂಡುಗಳು ಮರಿ ಹುಟ್ಟಿಸಲಿಲ್ಲ. ಸಂಖ್ಯೆ ಸೊನ್ನೆಗೆ ಬರಬೇಕಿಲ್ಲ, ವೀರ್ಯಾಣುವಿನ ಗುಣ ಕೆಟ್ಟರೆ ಸಾಕು ಎಂಬುದು ಅವರ ದಿಟ್ಟ ವಾದವಾಯಿತು. 1997ರಲ್ಲಿ ಪ್ರಕಟವಾದ, ಕೆಲವೇ ಗಂಡಸರು ಸ್ವಇಚ್ಛೆಯಿಂದ ಪಾಲ್ಗೊಂಡ ಪುಟ್ಟ ಪ್ರಯೋಗದಲ್ಲೂ ಇದೇ ಚಿತ್ರ ಕಂಡಿತು: ಪ್ರತಿಕಾಯ ಬಂತು, ಟೆಸ್ಟೊಸ್ಟಿರಾನ್ ಕದಲಲಿಲ್ಲ, ವೀರ್ಯಾಣು ಪೂರ್ತಿ ನಿಲ್ಲಲಿಲ್ಲ.

ನನ್ನ ತಕರಾರು ಶುರುವಾಗುವುದು ಇಲ್ಲಿ. ಪಠ್ಯಪುಸ್ತಕಗಳು ರಿಸೆಪ್ಟರನ್ನು ಬೀಗ, ಹಾರ್ಮೋನನ್ನು ಕೀಲಿಕೈ ಎಂದು ಕಲಿಸುತ್ತವೆ. ಬೀಗಕ್ಕೆ ಎರಡೇ ಸ್ಥಿತಿ. ಎಫ್‌ಎಸ್‌ಎಚ್ ರಿಸೆಪ್ಟರ್ ಹಾಗಲ್ಲ. ಕೋಶದ ಪೊರೆಯನ್ನು ಏಳು ಬಾರಿ ಹೊಲಿಗೆಯ ದಾರದಂತೆ ಒಳಹೊರಗೆ ದಾಟುವ ಆ ಪ್ರೋಟೀನನ್ನು ಹಾರ್ಮೋನ್ ಹೊರಗಿನಿಂದ ಹಿಡಿದಾಗ, ಒಳಗಿನ ಜಿ ಪ್ರೋಟೀನ್ ಎಚ್ಚರಗೊಳ್ಳುತ್ತದೆ. ಅದು ಒಂದು ಕಿಣ್ವವನ್ನು ಚುರುಕುಗೊಳಿಸುತ್ತದೆ, ಆ ಕಿಣ್ವ ಸೈಕ್ಲಿಕ್ ಎಎಂಪಿಯ ಅಣುಗಳನ್ನು ಒಂದರ ಹಿಂದೊಂದು ತಯಾರಿಸುತ್ತದೆ. ಹೊರಗೆ ಪಿಸುಮಾತು, ಒಳಗೆ ಡಂಗುರ. ಇಂಥ ವ್ಯವಸ್ಥೆಯಲ್ಲಿ ಬಹುಪಾಲು ಹಾರ್ಮೋನನ್ನು ತಡೆದರೂ, ತಪ್ಪಿಸಿಕೊಂಡ ಚೂರುಪಾರು ಕೆಲಸ ನಡೆಸಬಲ್ಲದು.

ಇದನ್ನು ಫಿನ್ಲೆಂಡಿನ ಕೆಲವು ಕುಟುಂಬಗಳು ತೋರಿಸಿಕೊಟ್ಟವು. ಅಲ್ಲಿ 1995ರಲ್ಲಿ ಈ ರಿಸೆಪ್ಟರಿನ 189ನೇ ಸ್ಥಾನದ ಅಲನಿನ್ ವ್ಯಾಲಿನ್ ಆಗಿ ಬದಲಾದ ವಂಶವಾಹಿ ದೋಷ ಪತ್ತೆಯಾಯಿತು. ತಂದೆತಾಯಿ ಇಬ್ಬರಿಂದಲೂ ಅದು ಬಂದ ಹೆಣ್ಣುಮಕ್ಕಳ ಅಂಡಾಶಯ ಕೆಲಸ ಮಾಡಲಿಲ್ಲ. 1997ರಲ್ಲಿ ಅದೇ ದೋಷವಿದ್ದ 5 ಗಂಡಸರನ್ನು ಪರೀಕ್ಷಿಸಿದರು. ವೀರ್ಯಾಣು ಉತ್ಪತ್ತಿ ಒಬ್ಬೊಬ್ಬರಲ್ಲಿ ಒಂದೊಂದು ಮಟ್ಟಕ್ಕೆ ಕುಂದಿತ್ತು, ಆದರೆ ಇಬ್ಬರು ತಂದೆಯಾಗಿದ್ದರು! ಅದೇ ವರ್ಷ, ಎಫ್‌ಎಸ್‌ಎಚ್ ಇಲ್ಲದಂತೆ ಮಾಡಿದ ಗಂಡು ಇಲಿಗಳೂ ಮರಿ ಹಾಕಿಸಿದವು. ಬೆಂಗಳೂರಿನ ಪುಟ್ಟ ಪ್ರಯೋಗ ಪ್ರಕಟವಾದ ವರ್ಷವೂ ಅದೇ.

ಹಾಗೆಂದು ಮೌದ್ಗಲ್ ಸೋತರು ಎಂದು ತೀರ್ಪು ಕೊಡುವುದು ಅನ್ಯಾಯ. 1998ರಲ್ಲಿ ಎಫ್‌ಎಸ್‌ಎಚ್ ಹಾರ್ಮೋನೇ ಸರಿಯಾಗಿ ತಯಾರಾಗದ ಗಂಡಸರು ವರದಿಯಾದರು. ಅವರ ವೀರ್ಯದಲ್ಲಿ ವೀರ್ಯಾಣುಗಳೇ ಇರಲಿಲ್ಲ. ಮನುಷ್ಯನಿಗೆ ಎಫ್‌ಎಸ್‌ಎಚ್ ಬೇಕು ಎಂಬ ಮೌದ್ಗಲ್ ಅವರ ಮೂಲ ನಂಬಿಕೆಗೆ ಇದು ಬಲವಾದ ಸಾಕ್ಷಿ. ಎಡವಿದ್ದು ಜೀವಶಾಸ್ತ್ರದಿಂದ ಲಸಿಕೆಗೆ ದಾಟುವ ಹೆಜ್ಜೆಯಲ್ಲಿ. ಪ್ರತಿಕಾಯ ಎಲ್ಲರಲ್ಲೂ ಒಂದೇ ಪ್ರಮಾಣದಲ್ಲಿ ಹುಟ್ಟುವುದಿಲ್ಲ. ದೆಹಲಿಯಲ್ಲಿ ಜಿ. ಪಿ. ತಲ್ವಾರ್ ಅವರ ತಂಡ ಗರ್ಭ ನಿಲ್ಲಲು ಬೇಕಾದ ಎಚ್‌ಸಿಜಿ ಹಾರ್ಮೋನಿನ ವಿರುದ್ಧ ಲಸಿಕೆ ಮಾಡಿ 1994ರಲ್ಲಿ ಫಲಿತಾಂಶ ಪ್ರಕಟಿಸಿತು: ಸಾಕಷ್ಟು ಪ್ರತಿಕಾಯ ಇದ್ದಾಗ 1224 ಋತುಚಕ್ರಗಳಲ್ಲಿ ಒಂದೇ ಗರ್ಭ. ಅಲ್ಲಿ ಮೊದಲ ದಿನಗಳಲ್ಲಿ ಗರ್ಭವನ್ನು ಕಾಯಲು ಬೇರೆ ದಾರಿಯಿಲ್ಲ, ಹಾಗಾಗಿ ತಡೆ ಫಲಿಸಿತು. ಆದರೂ 148 ಹೆಂಗಸರಲ್ಲಿ ಅಷ್ಟು ಪ್ರತಿಕಾಯ ಬಂದದ್ದು ಶೇ. 80ರಷ್ಟು ಮಂದಿಗೆ ಮಾತ್ರ. ಗಂಡಿನ ವೃಷಣದಲ್ಲಾದರೋ ಎಲ್‌ಎಚ್‌ನಿಂದ ಹುಟ್ಟುವ ಟೆಸ್ಟೊಸ್ಟಿರಾನ್ ಎಂಬ ಹಿತ್ತಿಲ ಬಾಗಿಲು ಯಾವಾಗಲೂ ತೆರೆದಿದೆ. ಅದರ ಬಲದಲ್ಲಿ ವೀರ್ಯಾಣುಗಳು ಹೇಗೋ ಬೆಳೆದುಕೊಳ್ಳುತ್ತವೆ. ಮನೆಯ ಹೆಂಗಸಿಗೆ ‘ಇನ್ನು ಭಯವಿಲ್ಲ’ ಎಂದು ಗಂಡ ಹೇಳಬೇಕಾದರೆ ‘ಬಹುಶಃ’ ಎಂಬ ಪದ ನಡುವೆ ನುಸುಳಬಾರದಲ್ಲವೇ?

ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಪ್ರಕಟಿಸಿದ ಪ್ರಯೋಗ ಎರಡೂ ಬಾಗಿಲು ಹಾಕಿತು. 271 ಗಂಡಸರಿಗೆ ವಾರಕ್ಕೊಮ್ಮೆ ಟೆಸ್ಟೊಸ್ಟಿರಾನ್ ಚುಚ್ಚುಮದ್ದು ಕೊಟ್ಟಾಗ, ಅವರ ಪಿಟ್ಯುಟರಿ ಸಾಕಷ್ಟಿದೆ ಎಂದು ತಿಳಿದು ಎಲ್‌ಎಚ್, ಎಫ್‌ಎಸ್‌ಎಚ್ ಎರಡನ್ನೂ ಕಡಿಮೆ ಮಾಡಿತು. 157 ಜನರಲ್ಲಿ ವೀರ್ಯಾಣು ಸೊನ್ನೆಯಾಯಿತು. ಇಂದು ಗಂಡಸರಿಗಾಗಿ ಪರೀಕ್ಷೆಯಲ್ಲಿರುವ, ನೆಸ್ಟೊರೋನ್ ಮತ್ತು ಟೆಸ್ಟೊಸ್ಟಿರಾನ್ ಸೇರಿಸಿದ ಚರ್ಮಕ್ಕೆ ಹಚ್ಚುವ ಜೆಲ್ ನಡೆಯುವುದೂ ಇದೇ ಜಾಡಿನಲ್ಲಿ. ಮೌದ್ಗಲ್ ಕೈಹಚ್ಚಬಾರದೆಂದು ಜೋಪಾನವಾಗಿ ಬಿಟ್ಟಿದ್ದ ಎಲ್‌ಎಚ್ ಅನ್ನೇ ಅದು ಮೊದಲು ಮುಚ್ಚಿ, ಆ ಕೊರತೆಯನ್ನು ಹೊರಗಿನಿಂದ ತುಂಬುತ್ತದೆ.