ಸೆರೆಯಲ್ಲಿ ಹಾಡುವವರು ಯಾರು? ಫೋಲ್ಸಮ್ ಧ್ವನಿಮುದ್ರಿಕೆಯ ಮರುವಿಮರ್ಶೆ

1968ರ ಜನವರಿ 13ರಂದು ಅಮೆರಿಕದ ಗಾಯಕ ಜಾನಿ ಕ್ಯಾಶ್ ಕ್ಯಾಲಿಫೋರ್ನಿಯದ ಫೋಲ್ಸಮ್ ಸೆರೆಮನೆಯ ಭೋಜನಶಾಲೆಯಲ್ಲಿ ಕೈದಿಗಳ ಮುಂದೆ ಹಾಡಿದನು. ಅದೇ ವರ್ಷ ಹೊರಬಂದ ಧ್ವನಿಮುದ್ರಿಕೆಯು ಸೆರೆಮನೆಯ ಸಂಗೀತವೆಂದೊಡನೆ ನೆನಪಿಗೆ ಬರುವ ಕೃತಿ. ಸೆರೆಮನೆ ಸೇವೆಗೆ ಸಿದ್ಧರಾಗುವವರು ಇದನ್ನು ಕೇಳಬೇಕು. ಆದರೆ ಸೇವೆಯ ಮಾದರಿಯಾಗಿ ಸ್ವೀಕರಿಸುವ ಮುನ್ನ, ಇದರಲ್ಲಿ ಕೈದಿಯ ಸ್ವರಕ್ಕೆ ಯಾವ ಸ್ಥಾನವಿದೆಯೆಂದು ವಿಚಾರಿಸುವುದು ಅಗತ್ಯ.

ಕೃತಿಯ ಗುಣ ಸ್ಪಷ್ಟವಾಗಿದೆ. ಕ್ಯಾಶ್ ಎಲ್ಲಿಯೂ ಉಪದೇಶಕನ ಪೀಠವನ್ನು ಏರುವುದಿಲ್ಲ. ಗಲ್ಲಿಗಾಗಿ ಕಾಯುವವನ ಕ್ಷಣಗಣನೆ, ಮನೆಯ ಹಂಬಲ, ಒರಟು ಹಾಸ್ಯ ಇವೆಲ್ಲವನ್ನೂ ಕೇಳುವವರ ಸಮಾನನಾಗಿ ನಿಂತು ಹಾಡುತ್ತಾನೆ. ದೋಷವಿರುವುದು ಬೇರೆಡೆ. ಮೊದಲ ಹಾಡಿನ ನಾಯಕನು ತಾನು ಮಾಡಿದ ಕೊಲೆಯನ್ನು ಹೇಳಿದೊಡನೆ ಹರ್ಷೋದ್ಗಾರವೊಂದು ಕೇಳಿಸುತ್ತದೆ. ಆ ಕೂಗು ಅಲ್ಲಿ ಕುಳಿತಿದ್ದವರಿಂದ ಆ ಗಳಿಗೆಯಲ್ಲಿ ಹೊಮ್ಮಿದ್ದಲ್ಲ. ಅನಂತರ ಧ್ವನಿಸಂಕಲನದ ವೇಳೆಯಲ್ಲಿ ಸೇರಿಸಿದ್ದು. ಕೈದಿಯು ಹೀಗೆಯೇ ಕೂಗುವನೆಂದು ಹೊರಗಿನವರು ಕಲ್ಪಿಸಿ, ಆ ಕಲ್ಪನೆಯನ್ನು ಅವನ ಬಾಯಿಗಿಟ್ಟರು. ಇದು ಮೌನವಾಗಿದ್ದ ಕೈದಿಗಳ ಮೇಲೆ ಹೊರಿಸಿದ ಸುಳ್ಳುಸಾಕ್ಷಿ. ಹಿಂಸೆಗೆ ಬಲಿಯಾದವರ ನೋವಿಗೂ ಅಗೌರವ.

ಕಡೆಯ ಹಾಡಾದ ‘ಗ್ರೇಸ್ಟೋನ್ ಚಾಪೆಲ್’ ಇದಕ್ಕೆ ಪ್ರತಿಯಾಗಿ ನಿಲ್ಲುತ್ತದೆ. ಫೋಲ್ಸಮ್‌ನ ಪ್ರಾರ್ಥನಾಲಯವನ್ನು ಕುರಿತ ಈ ಹಾಡನ್ನು ರಚಿಸಿದವನು ಅಲ್ಲಿಯ ಕೈದಿ ಗ್ಲೆನ್ ಶರ್ಲಿ. ಅವನ ಧ್ವನಿಸುರುಳಿಯನ್ನು ಕ್ಯಾಶ್‌ನಿಗೆ ತಲುಪಿಸಿದವರು ಸಭಾಪಾಲಕ ಫ್ಲಾಯ್ಡ್ ಗ್ರೆಸೆಟ್. ಈ ಪ್ರಸಂಗದಲ್ಲಿ ಸಭಾಪಾಲಕನ ಸೇವೆ ಕೇಳಿಸಿಕೊಳ್ಳುವುದು ಮತ್ತು ತಲುಪಿಸುವುದು ಮಾತ್ರ, ಅದು ಅಲ್ಪವಾದುದಲ್ಲ. ಆದರೂ ಅಂದು ಶರ್ಲಿ ಶ್ರೋತೃಗಳ ನಡುವೆಯೇ ಕುಳಿತು, ತನ್ನ ಹಾಡನ್ನು ಇನ್ನೊಬ್ಬನ ಕಂಠದಲ್ಲಿ ಕೇಳಿದನು. 1971ರಲ್ಲಿ ಬಿಡುಗಡೆಯಾಗಿ ಕ್ಯಾಶ್‌ನ ತಂಡವನ್ನು ಸೇರಿದ ಅವನು 1978ರಲ್ಲಿ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡನು. ಅಂಥ ಮರಣಕ್ಕೆ ಒಂದೇ ಕಾರಣವನ್ನು ಆರೋಪಿಸುವುದು ಸಲ್ಲದು. ಬಿಡುಗಡೆಯೂ ಕೀರ್ತಿಯೂ ತಾವಾಗಿ ಮನುಷ್ಯನನ್ನು ಎತ್ತಿಹಿಡಿಯಲಾರವೆಂಬುದನ್ನು ಮಾತ್ರ ನಾವು ಮರೆಯಬಾರದು.

ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯವನ್ನು ಸೆರೆಮನೆ ಸಂಗೀತದ ಸಮರ್ಥನೆಗಾಗಿ ನಾವು ಪದೇ ಪದೇ ಬಳಸುತ್ತೇವೆ. ಆದರೆ ಫಿಲಿಪ್ಪಿಯಲ್ಲಿ ಹಾಡಿದ ಪೌಲ ಸೀಲರು ಹೊರಗಿನಿಂದ ಬಂದ ಗಾನವೃಂದವಲ್ಲ. ಅವರ ಕಾಲುಗಳಿಗೂ ಕೋಳ ಬಿದ್ದಿತ್ತು; ಹಾಡಿದವರೂ ಕೇಳಿದವರೂ ಸೆರೆಯವರೇ. ಇಬ್ರಿಯರಿಗೆ ಬರೆದ ಪತ್ರವು (13:3) ಸೆರೆಯವರನ್ನು ಅವರೊಡನೆ ಬಂಧಿತರಾದವರಂತೆ ಸ್ಮರಿಸಲು ಹೇಳುವಾಗ ಕೇಳುವುದೂ ಈ ಒಡನಾಟವನ್ನೇ.

ಒಡನಾಟದ ಸಂಗೀತ ಹೇಗಿರಬಹುದೆಂಬುದಕ್ಕೆ ಅಯೋವ ರಾಜ್ಯದ ಓಕ್‌ಡೇಲ್ ಗಾನವೃಂದವು ಉತ್ತಮ ನಿದರ್ಶನ. ಸಂಗೀತ ಶಿಕ್ಷಣದ ಪ್ರಾಧ್ಯಾಪಕಿ ಮೇರಿ ಕೋಹೆನ್ 2009ರಲ್ಲಿ ಆರಂಭಿಸಿದ ಈ ವೃಂದದಲ್ಲಿ ಕೈದಿಗಳೂ ಹೊರಗಿನ ನಾಗರಿಕರೂ ಸೆರೆಮನೆಯೊಳಗೇ ಒಟ್ಟಾಗಿ ಅಭ್ಯಾಸ ಮಾಡಿದರು. ಸದಸ್ಯರು ಬರೆದ ಹಾಡುಗಳನ್ನೂ ಹಾಡಿದರು. ಅದು ಆರಾಧನೆಯ ಕೂಟವಾಗಿರಲಿಲ್ಲವೆಂಬ ಆಕ್ಷೇಪ ನಿಜ. ಆದರೂ ಪಕ್ಕದವನ ಶ್ರುತಿಗೆ ತನ್ನ ಶ್ರುತಿಯನ್ನು ಕೂಡಿಸಿಕೊಳ್ಳುವುದು, ತಪ್ಪಿದಾಗ ಮತ್ತೆ ಮೊದಲಿನಿಂದ ತೊಡಗುವುದು, ಮುಂದಿನ ವಾರವೂ ತನಗಾಗಿ ಒಂದು ಸ್ಥಳವಿದೆಯೆಂದು ತಿಳಿದಿರುವುದು ಇವೆಲ್ಲವೂ ಸಭೆಯ ಜೀವನಕ್ಕೆ ಪರಕೀಯವಲ್ಲ.

ಕ್ರಿಸ್ಮಸ್ ಕಾಲದಲ್ಲಿ ಸೆರೆಮನೆಗೆ ಹೋಗಿ ಕೀರ್ತನೆ ಹಾಡಿ ಹಿಂದಿರುಗುವ ನಮ್ಮ ಪದ್ಧತಿಯನ್ನು ಬಿಡಬೇಕಾಗಿಲ್ಲ. ಆದರೆ ಆ ದಿನ ನಮ್ಮ ಹಾಡಿನ ಪುಸ್ತಕವನ್ನು ಮುಚ್ಚಿ, ಒಳಗಿರುವವರಲ್ಲಿ ಹಾಡುವವರು, ಹಾಡು ಕಟ್ಟುವವರು ಯಾರಿದ್ದಾರೆಂದು ಕೇಳಬೇಕು. ಅವರಿಂದ ಕಲಿಯಲು ಜನವರಿಯಲ್ಲಿಯೂ ಹೋಗಬೇಕು.