ಗುಡುಗುಡಿಗೆ ಗಿಟಾರಿನ ಕೆಂಡ

ರಘು ದೀಕ್ಷಿತ್ ಪ್ರಾಜೆಕ್ಟ್ ತಂಡ 2008ರ ತನ್ನ ಮೊದಲ ಆಲ್ಬಂನಲ್ಲೇ ಶಿಶುನಾಳ ಶರೀಫರ (1819–1889) ‘ಗುಡುಗುಡಿಯ ಸೇದಿ ನೋಡೊ’, ‘ಸೋರುತಿಹುದು ಮನೆಯ ಮಾಳಿಗಿ’ ತತ್ವಪದಗಳನ್ನು ರಾಕ್ ಶೈಲಿಯಲ್ಲಿ ಹಾಡಿತು. ಸಿ. ಅಶ್ವಥ್ ದನಿಗೆ ಒಗ್ಗಿದ ಕಿವಿಗೆ ಇದು ಗದ್ದಲ ಅನ್ನಿಸೀತು. ಆದರೆ ಅಶ್ವಥ್ ಹಾಡಿದ್ದೂ ಏಕತಾರಿಯ ಧಾಟಿಯಲ್ಲ, ಅವರ ಕಾಲದ ಹೊಸ ರೂಪವೇ. ಹಾಗಾಗಿ ಗಿಟಾರಿನ ಬಗ್ಗೆ ತಕರಾರಿಲ್ಲ.

ಕೊರತೆ ಬೇರೆಡೆ ಇದೆ. ನಮ್ಮ ಹಲಬರ್ಗಾ, ಭಾಲ್ಕಿ ಕಡೆಯ ಭಜನೆಯಲ್ಲಿ ಒಬ್ಬರು ಹೇಳಿದ ಸಾಲನ್ನು ಮೇಳ ತಿರುಗಿ ಹೇಳುತ್ತದೆ. ಗುಡುಗುಡಿ ಬರೀ ಹುಕ್ಕಾ ಅಲ್ಲ, ಈ ದೇಹವೇ ಎಂದು ಹೊಳೆಯಲು ಅಷ್ಟು ಹೊತ್ತು ಬೇಕು. ಬ್ಯಾಂಡಿನ ಓಟ ಕುಣಿಸುತ್ತದೆ. ಆ ಹೊತ್ತು ಕೊಡುವುದಿಲ್ಲ. ಆದರೂ ಭಜನೆಗೆ ಕೂರದ ಹುಡುಗರ ಬಾಯಿಗೆ ಶರೀಫರನ್ನು ತಂದದ್ದು ಈ ಓಟವೇ. ಒಗಟು ಬಿಡಿಸುವ ಕೆಲಸ ಭಜನೆ ಕಟ್ಟೆಗೆ ಉಳಿದಿದೆ.