ಚಂಪೂಲಕ್ಷಣದಲ್ಲಿ ಒಂದು ಅತಿವ್ಯಾಪ್ತಿ

ಕಾವ್ಯಪ್ರಕಾರಗಳನ್ನು ವಿದ್ಯಾರ್ಥಿಗಳಿಗೆ ಪರಿಚಯಮಾಡಿಸುವ ಕೈಪಿಡಿಗಳು ಸಾಮಾನ್ಯವಾಗಿ ಗದ್ಯಪದ್ಯಮಿಶ್ರವಾದ ಕಾವ್ಯವೇ ಚಂಪುವೆಂದು ಹೇಳಿ ಮುಂದೆ ಸಾಗುತ್ತವೆ. ನಾನೂ ಬಹುಕಾಲ ಹಾಗೆಯೇ ಪಾಠಹೇಳಿದವನು. ಒಮ್ಮೆ ಉತ್ತರಪತ್ರಿಕೆಯೊಂದರಲ್ಲಿ ಹರಿಹರನ ನಂಬಿಯಣ್ಣನ ರಗಳೆಯು ಚಂಪೂಕಾವ್ಯವೆಂದು ಬರೆದಿದ್ದುದನ್ನು ಕಂಡು, ತಪ್ಪೆಂದು ಗೆರೆಯೆಳೆದೆನು. ಆ ವಿದ್ಯಾರ್ಥಿಯು ಗ್ರಂಥವನ್ನೇ ಹಿಡಿದು ಬಂದು, “ಗುರುಗಳೇ, ಇದರಲ್ಲಿ ಒಂದು ಸ್ಥಲ ಪದ್ಯ, ಮರುಸ್ಥಲ ಗದ್ಯ. ತಾವು ಹೇಳಿಕೊಟ್ಟ ಲಕ್ಷಣವು ಇದಕ್ಕೇಕೆ ಸಲ್ಲದು?” ಎಂದು ವಿನಯದಿಂದಲೇ ಕೇಳಿದನು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಅವನ ಪ್ರಶ್ನೆಗೆ ಸಮಾಧಾನವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಲಕ್ಷಣವು ಲಕ್ಷ್ಯವನ್ನು ಮೀರಿ ಹರಡಿದರೆ ಅದು ಅತಿವ್ಯಾಪ್ತಿದೋಷವೆಂದು ತಾರ್ಕಿಕರು ಹೇಳುತ್ತಾರೆ. ಕೊಂಬುಳ್ಳದ್ದೇ ಹಸುವೆಂದರೆ ಎಮ್ಮೆಯೂ ಹಸುವಾಗುವುದಷ್ಟೆ. ಗದ್ಯಪದ್ಯಗಳ ಮಿಶ್ರಣವೊಂದೇ ಸಾಕಾದರೆ, ಅಲ್ಲಲ್ಲಿ ಪದ್ಯಗಳುಳ್ಳ ಚಾವುಂಡರಾಯಪುರಾಣವೂ (ಕ್ರಿ. ಶ. ೯೭೮) ಚಂಪುವಾಗಬೇಕು. ಅದನ್ನಾದರೋ ಎಲ್ಲರೂ ಗದ್ಯಗ್ರಂಥವೆಂದೇ ಎಣಿಸುತ್ತಾರೆ.

ಈ ದೋಷವು ದಂಡಿಯದಲ್ಲ. ಕಾವ್ಯಾದರ್ಶದಲ್ಲಿ ಅವನು ಗದ್ಯಪದ್ಯಮಯವಾದ ರಚನೆಯನ್ನು ಹೇಳುವಾಗ ‘ಕಾಚಿತ್’ ಎಂಬ ಪದವನ್ನು ಸೇರಿಸಿದ್ದಾನೆ. ಅಂಥ ರಚನೆಗಳಲ್ಲಿ ಯಾವುದೋ ಒಂದು ಬಗೆಯದು ಚಂಪು ಎಂದು ಅದರ ತಾತ್ಪರ್ಯ, ಅಂಥವೆಲ್ಲವೂ ಚಂಪುವೆಂದಲ್ಲ. ೧೪ನೆಯ ಶತಮಾನದ ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಲಕ್ಷಣವನ್ನು ಹೇಳುವಾಗ ಆ ಪದವಿಲ್ಲ. ನಮ್ಮ ಕೈಪಿಡಿಗಳ ವಾಕ್ಯವು ಅವನ ವಾಕ್ಯಕ್ಕೇ ಹತ್ತಿರವಾದುದು.

ಹಾಗಾದರೆ ಕನ್ನಡ ಚಂಪುವಿನ ವ್ಯಾವರ್ತಕಧರ್ಮವೇನು? ಪಂಪನ ವಿಕ್ರಮಾರ್ಜುನವಿಜಯವನ್ನೇ ನೋಡಬಹುದು. ಅದು ಹದಿನಾಲ್ಕು ಆಶ್ವಾಸಗಳ ಕಾವ್ಯ. ಅದರ ಪದ್ಯಗಳಲ್ಲಿ ಕಂದವೃತ್ತಗಳೇ ಪ್ರಧಾನ. ಕಂದವಾಗಲಿ ಚಂಪಕಮಾಲೆಯಾಗಲಿ ನಾಲ್ಕು ಪಾದಗಳಲ್ಲಿ ತಾನೇ ಮುಗಿದು ನಿಲ್ಲುತ್ತದೆ. ಗದ್ಯವು ಒಂದು ಪದ್ಯದಿಂದ ಮತ್ತೊಂದಕ್ಕೆ ಕಥೆಯನ್ನು ಸಾಗಿಸುತ್ತದೆ, ಕೆಲವೆಡೆ ವರ್ಣನೆಯ ಭಾರವನ್ನೂ ಹೊರುತ್ತದೆ. ಒಂದೇ ಆಶ್ವಾಸದೊಳಗೆ ಇವೆರಡೂ ಹೆಣೆದುಕೊಂಡಿರುತ್ತವೆ. ನಂಬಿಯಣ್ಣನ ರಗಳೆಯಲ್ಲಾದರೋ ಚತುಷ್ಪದಿಯ ನಿಲುಗಡೆಯಿಲ್ಲ. ಚರಣದ ಮೇಲೆ ಚರಣವು ಹರಿದು ಸ್ಥಲದ ಕೊನೆಯನ್ನು ಮುಟ್ಟುತ್ತದೆ. ಗದ್ಯಕ್ಕೆ ಬೇರೆ ಸ್ಥಲವೇ ಮೀಸಲು. ಅಲ್ಲಿರುವುದು ಸರದಿ, ಹೆಣಿಗೆಯಲ್ಲ.

ಪಂಪನ ಚಂಪುಗಳಲ್ಲಿಯೂ ರಗಳೆ ಬರುವುದಲ್ಲವೇ ಎಂದು ಆಕ್ಷೇಪಿಸಬಹುದು. ಬರುತ್ತದೆ, ಆದರೆ ಅದು ಅಲ್ಲಿ ಅಂಗ, ಅಂಗಿಯಲ್ಲ. ಪ್ರಾಧಾನ್ಯದಿಂದಲೇ ವ್ಯಪದೇಶವು. ಹರಿಹರನೂ ಈ ಭೇದವನ್ನು ಬಲ್ಲವನೇ. ಗಿರಿಜಾಕಲ್ಯಾಣವನ್ನು ಚಂಪುವಾಗಿ ರಚಿಸಿದ ಅವನು ಶಿವಶರಣರ ಚರಿತ್ರೆಗಳಿಗೆ ರಗಳೆಯ ಮಾರ್ಗವನ್ನು ಹಿಡಿದನು.

ಆದಕಾರಣ, ಗದ್ಯವೂ ಕಂದವೃತ್ತಪ್ರಧಾನವಾದ ಪದ್ಯವೂ ಆಶ್ವಾಸದೊಳಗೇ ಹೆಣೆದುಕೊಂಡು ನಡೆಯುವ ಕಾವ್ಯವು ಕನ್ನಡದಲ್ಲಿ ಚಂಪುವೆಂದು ಹೇಳಿಕೊಡುವುದು ಯುಕ್ತ. ಅದಕ್ಕೂ ಮೊದಲು ಪಂಪನ ಒಂದು ಆಶ್ವಾಸವನ್ನೂ ಹರಿಹರನ ಎರಡು ಸ್ಥಲಗಳನ್ನೂ ಓದಿಸತಕ್ಕದ್ದು. ಲಕ್ಷ್ಯವನ್ನು ಕಾಣದೆ ಲಕ್ಷಣವನ್ನು ಬಾಯಿಪಾಠಮಾಡಿದವನು ಪರೀಕ್ಷೆಯಲ್ಲಿ ಗೆಲ್ಲಬಹುದು, ಕಾವ್ಯವನ್ನು ಅರಿಯಲಾರನು. ಆ ವಿದ್ಯಾರ್ಥಿಯ ಉತ್ತರವು ತಪ್ಪೆಂದೇ ಈಗಲೂ ನನ್ನ ಅಭಿಪ್ರಾಯ. ಆದರೆ ಆ ತಪ್ಪನ್ನು ಕಲಿಸಿದವನು ನಾನು.